ಹಳೆ ಕಾರಿನ ‘ಸೆಲ್ಫ್’ ತಗೊಳ್ತಿಲ್ಲವೇ? ಸ್ಕ್ರೂಡ್ರೈವರ್ ಅಡ್ಡ ಇಡುವ ಮೊದಲು ಇಷ್ಟು ತಿಳಿದಿರಲಿ

ಬಾನೆಟ್ ಎತ್ತಿ, ಸ್ಟಾರ್ಟರ್‌ಗೆ ಕರೆಂಟ್ ಹೋಗುವ ಎರಡು ದಪ್ಪ ಬೋಲ್ಟ್‌ಗಳ ನಡುವೆ ಸ್ಕ್ರೂಡ್ರೈವರ್ ಅಡ್ಡ ಇಡುವುದು. ಕಿಡಿ ಹಾರುತ್ತದೆ, ಎಂಜಿನ್ ತಿರುಗುತ್ತದೆ. ‘ಮೆಕ್ಯಾನಿಕ್‌ಗೆ ದುಡ್ಡು ಸುರಿಯಬೇಡಿ’ ಎಂಬ ಸಾಲು ಸೇರಿಸಿ ಇಂಥ ಉಪಾಯಗಳನ್ನು ಫಾರ್ವರ್ಡ್ ಮಾಡುವವರಿದ್ದಾರೆ. ಇದು ಸುಳ್ಳೇ? ಅಲ್ಲ, ನಿಜವಾಗಿಯೂ ಕೆಲಸ ಮಾಡುತ್ತದೆ. ತೊಂದರೆ ಇರುವುದೂ ಅಲ್ಲೇ. ಹಳೆ ಕಾರುಗಳಲ್ಲಿ ಗೇರ್ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೂ ಸ್ಟಾರ್ಟರ್ ತಿರುಗುತ್ತದೆ. ಕಾರು ಗೇರಿನಲ್ಲಿದ್ದರೆ ಮುಂದೆ ಬಗ್ಗಿ ನಿಂತವರ ಮೇಲೇ ನುಗ್ಗುತ್ತದೆ. ಜೊತೆಗೆ, ಆಗಷ್ಟೇ ಚಾರ್ಜ್ ಆದ ಬ್ಯಾಟರಿಯ ಸುತ್ತ ಹೈಡ್ರೋಜನ್ ಅನಿಲ ಇರಬಹುದು. ಅದಕ್ಕೆ ಒಂದು ಕಿಡಿ ಸಾಕು.

ಹೊಸಪೇಟೆಯಿಂದ ಕಮಲಾಪುರ ದಾಟಿ ಕಂಪ್ಲಿ ದಾರಿಯಲ್ಲಿ ಸಿಗುವ ಬುಕ್ಕಸಾಗರದಂಥ ಊರುಗಳಲ್ಲಿ ಇದು ಬರೀ ಶ್ರೀಮಂತರ ವಿಂಟೇಜ್ ಕಾರಿನ ಮಾತಲ್ಲ. ತುಂಗಭದ್ರೆಯ ದಂಡೆಯ ಭತ್ತ, ಬಾಳೆ, ಕಬ್ಬಿನ ಸೀಮೆಯಲ್ಲಿ ಹಳೆ ಜೀಪು, ಟ್ರ್ಯಾಕ್ಟರ್, ಹ್ಯಾಂಡಲ್ ಹೊಡೆದು ಎಬ್ಬಿಸುವ ಡೀಸೆಲ್ ಪಂಪ್‌ಸೆಟ್ ಎಲ್ಲವೂ ಗೊತ್ತಿರುವ ಸಾಮಾನುಗಳೇ. ‘ಹ್ಯಾಂಡಲ್ ಉಲ್ಟಾ ಹೊಡೆಯಿತು’ ಎಂದರೆ ಏನೆಂದು ಹಿರಿಯರಿಗೆ ವಿವರಿಸಬೇಕಿಲ್ಲ.

ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಕ್ಕೆ ಮುಟ್ಟುವ ಮೊದಲೇ ಕಿಡಿ ಹೊತ್ತಿದರೆ, ಅದು ಪಿಸ್ಟನ್ನನ್ನು ಹಿಂದಕ್ಕೆ ದೂಡುತ್ತದೆ. ಕೈಯಲ್ಲಿದ್ದ ಹ್ಯಾಂಡಲ್ ಗಕ್ಕನೆ ಉಲ್ಟಾ ತಿರುಗುತ್ತದೆ. ಇದರಿಂದ ಮಣಿಕಟ್ಟಿನ ಹತ್ತಿರ, ಹೆಬ್ಬೆರಳಿನ ಬದಿಯ ಮೂಳೆ ಮುರಿಯುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, ವೈದ್ಯರು ಅದಕ್ಕೆ ‘ಶೋಫರ್ ಫ್ರ್ಯಾಕ್ಚರ್’, ಅಂದರೆ ಡ್ರೈವರ್ ಮುರಿತ, ಎಂದೇ ಹೆಸರಿಟ್ಟರು. ಆ ಹೆಸರು ಇಂದಿಗೂ ಬಳಕೆಯಲ್ಲಿದೆ. ಹಳಬರು ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತದೆ ಉಳಿದ ಬೆರಳುಗಳ ಬದಿಗೇ ಇಟ್ಟುಕೊಳ್ಳುತ್ತಿದ್ದುದು, ಕೆಳಕ್ಕೆ ಒತ್ತದೆ ಮೇಲಕ್ಕೆ ಎಳೆಯುತ್ತಿದ್ದುದು ಇದೇ ಕಾರಣಕ್ಕೆ.

ಇಲ್ಲಿ ಒಂದು ಜನಪ್ರಿಯ ಕಥೆಯೂ ಇದೆ. ಕಾರು ತಯಾರಕ ಬೈರನ್ ಕಾರ್ಟರ್ ಯಾರಿಗೋ ಹ್ಯಾಂಡಲ್ ಹೊಡೆದು ಕೊಡಲು ಹೋಗಿ ಗಾಯಗೊಂಡು ಸತ್ತರು, ಆ ದುಃಖದಲ್ಲಿ ಕ್ಯಾಡಿಲ್ಯಾಕ್‌ನ ಮುಖ್ಯಸ್ಥ ಹೆನ್ರಿ ಲೆಲ್ಯಾಂಡ್ ‘ಇನ್ನು ಹ್ಯಾಂಡಲ್ ಬೇಡ’ ಎಂದು ಪಟ್ಟು ಹಿಡಿದರು, ಚಾರ್ಲ್ಸ್ ಕೆಟರಿಂಗ್ ಸೆಲ್ಫ್ ಸ್ಟಾರ್ಟರ್ ಕಂಡುಹಿಡಿದರು ಎಂಬುದು. ಕಾರ್ಟರ್ 1908ರಲ್ಲಿ ತೀರಿಕೊಂಡದ್ದು ನಿಜ. ಕೆಟರಿಂಗ್ ಅವರ ವ್ಯವಸ್ಥೆ 1912ರ ಮಾದರಿಯ ಕ್ಯಾಡಿಲ್ಯಾಕ್‌ನಲ್ಲಿ ಬಂದದ್ದೂ ನಿಜ. ನಡುವಿನ ವಿವರಗಳು ಮಾತ್ರ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೀತಿ. ಕೆಟರಿಂಗ್ ಅವರೇ ಮೊದಲಿಗರು ಎಂಬುದೂ ಸರಿಯಲ್ಲ. ಕ್ಲೈಡ್ ಕೋಲ್ಮನ್ ಎಂಬವರಿಗೆ 1903ರಲ್ಲೇ ವಿದ್ಯುತ್ ಸ್ಟಾರ್ಟರ್‌ನ ಪೇಟೆಂಟ್ ಸಿಕ್ಕಿತ್ತು. ದಿನಬಳಕೆಯಲ್ಲಿ ನಂಬಬಹುದಾದ ವ್ಯವಸ್ಥೆಯನ್ನು ಕಾರಿನೊಳಗೆ ಕೂರಿಸಿದ ಹಿರಿಮೆ ಕೆಟರಿಂಗ್ ಅವರದು. ನಮ್ಮ ಬಾಯಲ್ಲಿ ಆ ‘ಸೆಲ್ಫ್ ಸ್ಟಾರ್ಟರ್’ ಮೊಟಕಾಗಿ ಬರೀ ‘ಸೆಲ್ಫ್’ ಆಗಿ ಉಳಿದಿದೆ.

ಮೋಟರ್ ತಿರುಗುತ್ತದೆ, ಎಂಜಿನ್ ತಿರುಗುವುದಿಲ್ಲ

ಹಳೆ ಕಾರಿನ ಸ್ಟಾರ್ಟರ್‌ನಲ್ಲಿ ಹೆಚ್ಚಾಗಿ ಇರುವುದು ಬೆಂಡಿಕ್ಸ್ ಎಂಬ ಸರಳ ಉಪಾಯ. ಮೋಟರಿನ ಶಾಫ್ಟ್ ಮೇಲೆ ಸ್ಕ್ರೂವಿನಂಥ ಸುರುಳಿ ಗೆರೆ, ಅದರ ಮೇಲೊಂದು ಸಣ್ಣ ಹಲ್ಲುಚಕ್ರ. ಮೋಟರ್ ಥಟ್ಟನೆ ತಿರುಗಿದಾಗ ಹಲ್ಲುಚಕ್ರ ಜಡತ್ವದಿಂದ ಹಿಂದುಳಿಯುತ್ತದೆ, ಹಾಗಾಗಿ ಸುರುಳಿಯ ಮೇಲೆ ಜಾರಿ ಹೋಗಿ ಫ್ಲೈವೀಲ್‌ನ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಎಂಜಿನ್ ಹೊತ್ತಿಕೊಂಡು ವೇಗ ಹಿಡಿದ ಕೂಡಲೇ ಫ್ಲೈವೀಲ್ ಅದನ್ನು ವಾಪಸ್ ದೂಡುತ್ತದೆ. ಬೋಲ್ಟ್ ಮೇಲೆ ನಟ್ಟು ಓಡಾಡಿದಂತೆ, ಅಷ್ಟೇ.

ಇದು ಕೆಲಸ ಮಾಡಬೇಕಾದರೆ ಆ ಸುರುಳಿ ಸ್ವಚ್ಛವಾಗಿರಬೇಕು. ‘ಗ್ರೀಸ್ ಹಚ್ಚಿ, ಸಲೀಸಾಗುತ್ತದೆ’ ಎಂಬ ಸಲಹೆ ಇಲ್ಲಿ ತಿರುಗುಬಾಣ. ಗ್ರೀಸ್ ಧೂಳನ್ನು, ಕ್ಲಚ್ಚಿನ ಪುಡಿಯನ್ನು ಹಿಡಿದು ಗಟ್ಟಿಯಾಗುತ್ತದೆ, ಹಲ್ಲುಚಕ್ರ ಅಲ್ಲೇ ಅಂಟಿಕೊಳ್ಳುತ್ತದೆ. ಸಂಡೂರಿನ ಗಣಿ ರಸ್ತೆಗಳಲ್ಲಿ ಓಡಿದ ಗಾಡಿಗಳಿಗಂತೂ ಕೇಳಲೇಬೇಡಿ. ಅಲ್ಲಿನ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಇದೇ ಆಕ್ಸೈಡಿನ ನುಣ್ಣನೆಯ ಪುಡಿಯಿಂದ ಒಡವೆಗೆ ಪಾಲಿಶ್ ಹಾಕುತ್ತಾರೆ. ಗ್ರೀಸಿನೊಳಗೆ ಅದು ಸೇರಿದರೆ ಲೋಹ ಸವೆಸುವ ಲೇಪವಾಗುತ್ತದೆ. ಬೆಂಡಿಕ್ಸನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ ಕೂರಿಸುವುದೇ ಸರಿಯಾದ ದಾರಿ. ಹಾಕಲೇಬೇಕೆಂದರೆ ತೀರಾ ತೆಳು ಎಣ್ಣೆಯ ಒಂದೆರಡು ಹನಿ.

ಹಲ್ಲುಚಕ್ರ ಫ್ಲೈವೀಲ್‌ನಲ್ಲೇ ಸಿಕ್ಕಿಹಾಕಿಕೊಂಡರೆ? ಇಗ್ನಿಷನ್ ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ, ಕಾರನ್ನು ಹಿಂದೆ ಮುಂದೆ ತೂಗಿದರೆ ಬಹಳ ಸಲ ಬಿಡಿಸಿಕೊಳ್ಳುತ್ತದೆ. ಲೂಕಾಸ್ ಕಂಪನಿಯ ಹಳೆ ಸ್ಟಾರ್ಟರ್‌ಗಳಲ್ಲಿ ಹಿಂಬದಿಯ ಪುಟ್ಟ ಮುಚ್ಚಳ ತೆಗೆದರೆ ಶಾಫ್ಟಿನ ಚೌಕ ತುದಿ ಕಾಣುತ್ತದೆ. ಅದಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸಬಹುದು. ತಯಾರಕರೇ ಇದನ್ನು ಮುಂಚೆ ಯೋಚಿಸಿದ್ದರು ಎನ್ನುವುದು ನಮಗೆ ಬಹಳ ಇಷ್ಟವಾದ ಸಂಗತಿ.

ಮೋಟರ್ ಕೆಟ್ಟಿಲ್ಲ, ತಂತಿ ಕೆಟ್ಟಿದೆ

‘ಕಟಕ್’ ಎಂದು ಸುಮ್ಮನಾದರೆ ಅಥವಾ ಸೊರಗಿ ತಿರುಗಿದರೆ ಎಲ್ಲರೂ ಮೋಟರನ್ನೇ ರಿವೈಂಡಿಂಗ್‌ಗೆ ಒಯ್ಯುತ್ತಾರೆ. ಒಂದು ಸಣ್ಣ ಲೆಕ್ಕ ನೋಡಿ. 6 ವೋಲ್ಟ್‌ನ ಹಳೆ ಕಾರಿನ ಸ್ಟಾರ್ಟರ್ 200 ಆಂಪಿಯರ್ ಎಳೆಯುತ್ತಿದೆ ಎಂದುಕೊಳ್ಳಿ. ತುಕ್ಕು ಹಿಡಿದ ಅರ್ಥ್ ಜೋಡಣೆಯಲ್ಲಿ 0.01 ಓಮ್ ತಡೆ ಇದ್ದರೂ ಅಲ್ಲೇ 2 ವೋಲ್ಟ್ ಸೋರಿಹೋಗುತ್ತದೆ, ಅಂದರೆ ಮೂರರಲ್ಲಿ ಒಂದು ಪಾಲು. ಅಷ್ಟೇ ಶಕ್ತಿಗೆ 12 ವೋಲ್ಟ್‌ನಲ್ಲಿ 100 ಆಂಪಿಯರ್ ಸಾಕು, ಸೋರುವುದು 1 ವೋಲ್ಟ್, ಹನ್ನೆರಡರಲ್ಲಿ ಒಂದು ಪಾಲು. 6 ವೋಲ್ಟ್ ಕಾರಿಗೆ ಹೆಬ್ಬೆರಳಿನಷ್ಟು ದಪ್ಪದ ಕೇಬಲ್ ಇರುವುದು ಶೋಕಿಗಲ್ಲ. ಅದನ್ನು ತೆಗೆದು ಈಗಿನ ತೆಳು ಕೇಬಲ್ ಹಾಕಿಸಿದವರು ಆಮೇಲೆ ಹೊಸ ಬ್ಯಾಟರಿ ಕೊಳ್ಳುತ್ತಾರೆ, ಆಮೇಲೆ ಮೋಟರ್ ಬಿಚ್ಚಿಸುತ್ತಾರೆ. ಅದಕ್ಕೂ ಮೊದಲು ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಬ್ಯಾಟರಿಯ ಅರ್ಥ್ ತುದಿಗೂ ಮೋಟರಿನ ಮೈಗೂ ಮಲ್ಟಿಮೀಟರ್ ಇಟ್ಟು ನೋಡಲಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಮೊದಲು ಕೆರೆಯಬೇಕಾದದ್ದು ಆ ಜೋಡಣೆಯ ತುಕ್ಕನ್ನು.

‘ಸುತ್ತಿಗೆಯಲ್ಲಿ ತಟ್ಟಿದರೆ ಸರಿಹೋಗುತ್ತದೆ’ ಎಂಬುದು ಅರ್ಧ ಸತ್ಯ. ಸವೆದ ಕಾರ್ಬನ್ ಬ್ರಷ್ ಆ ಪೆಟ್ಟಿಗೆ ಒಂದು ಕ್ಷಣ ತಾಗಿಕೊಳ್ಳುತ್ತದೆ. ಬ್ರಷ್ ಮುಗಿದಿದೆ ಎಂಬುದರ ಸೂಚನೆ ಅದು, ರಿಪೇರಿ ಅಲ್ಲ. ಹೊಸ ಕಾಲದ ಶಾಶ್ವತ ಅಯಸ್ಕಾಂತದ ಮೋಟರಿಗೆ ಹಾಗೆ ಬಡಿದರೆ ಅಯಸ್ಕಾಂತವೇ ಸೀಳಬಹುದು. ‘ಬ್ಯಾಟರಿ ತಂತಿ ಅದಲುಬದಲಾದರೆ ಸೆಲ್ಫ್ ಉಲ್ಟಾ ತಿರುಗುತ್ತದೆ’ ಎಂಬುದು ಪೂರ್ತಿ ತಪ್ಪು. ಹಳೆ ಮೋಟರ್‌ಗಳಲ್ಲಿ ಒಳಗಿನ ಎರಡೂ ಸುರುಳಿಗಳ ದಿಕ್ಕು ಒಟ್ಟಿಗೆ ಬದಲಾಗುವುದರಿಂದ ತಿರುಗುವ ದಿಕ್ಕು ಅದೇ ಉಳಿಯುತ್ತದೆ. ಆದರೆ ಡೈನಮೋ ಮತ್ತು ರೆಗ್ಯುಲೇಟರ್ ಕೆಡಬಹುದು, ಆದ್ದರಿಂದ ಪರೀಕ್ಷಿಸಿ ನೋಡಲು ಹೋಗಬೇಡಿ.

6 ವೋಲ್ಟ್ ಮೋಟರಿಗೆ 12 ವೋಲ್ಟ್ ಕೊಡುವ ಉಪಾಯವೂ ಓಡಾಡುತ್ತದೆ. ಮೋಟರ್ ತಿರುಗುವುದೇನೋ ರಭಸವಾಗಿ, ಆದರೆ ಹಲ್ಲುಚಕ್ರವೂ ಅದೇ ರಭಸದಲ್ಲಿ ಫ್ಲೈವೀಲ್‌ಗೆ ಅಪ್ಪಳಿಸುತ್ತದೆ. ಫ್ಲೈವೀಲ್‌ನ ಹಲ್ಲು ಮುರಿದರೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸದೆ ವಿಧಿಯಿಲ್ಲ.

‘ಹೊಸ ಸ್ಟಾರ್ಟರ್ ಹಾಕಿಸಿದರೆ ವಿಂಟೇಜ್ ನೋಂದಣಿ ಹೋಗುತ್ತದೆಯೇ?’ ಎಂಬ ಅನುಮಾನವೂ ಇದೆ. ಕೇಂದ್ರ ಸಾರಿಗೆ ಸಚಿವಾಲಯದ 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ, ಮೂಲ ರೂಪದಲ್ಲಿರುವ ವಾಹನ ವಿಂಟೇಜ್ ಎನಿಸಿಕೊಳ್ಳುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರಗಳು. ನಿಯಮ ಹೆಸರಿಸಿ ಆಕ್ಷೇಪಿಸುವುದು ಚಾಸಿಸ್, ಬಾಡಿ, ಎಂಜಿನ್‌ನ ಬದಲಾವಣೆಯನ್ನು. ಬ್ರಷ್, ಕೇಬಲ್, ಬೆಂಡಿಕ್ಸ್ ಸ್ಪ್ರಿಂಗ್ ಆ ಪಟ್ಟಿಯಲ್ಲಿಲ್ಲ. ಆದರೂ ತೆಗೆದ ಹಳೆ ಮೋಟರನ್ನು ಗುಜರಿಗೆ ಹಾಕಬೇಡಿ. ಗೋಣಿಯಲ್ಲಿ ಸುತ್ತಿ ಒಣ ಜಾಗದಲ್ಲಿಡಿ, ನಾಳೆ ಬಿಡಿಭಾಗಕ್ಕೆ ಬೇಕಾಗುವುದು ಅದೇ.