ಸ್ವಭಾವ ಮತ್ತು ಆಚಾರ

ಮನುಷ್ಯನು ಹುಟ್ಟಿನಿಂದಲೇ ಒಳ್ಳೆಯವನೋ, ಇಲ್ಲವೆ ಆಚಾರವು ಅವನನ್ನು ತಿದ್ದಿ ಒಳ್ಳೆಯವನನ್ನಾಗಿ ಮಾಡುವುದೋ ಎಂಬ ಪ್ರಶ್ನೆ ಪ್ರಾಚೀನ ಚೀನಾ ದೇಶದಲ್ಲಿ ಕನ್ಫ್ಯೂಷಿಯಸನ (ಕ್ರಿ.ಪೂ. 551–479) ಅನುಯಾಯಿಗಳನ್ನು ಎರಡು ಪಕ್ಷಗಳನ್ನಾಗಿ ಒಡೆಯಿತು. ಬಾವಿಗೆ ಬೀಳಲಿರುವ ಕೂಸನ್ನು ಕಂಡೊಡನೆ, ಯಾವ ಲಾಭದ ಎಣಿಕೆಯೂ ಇಲ್ಲದೆ, ಯಾರ ಮನಸ್ಸಾದರೂ ತಲ್ಲಣಿಸುವುದರಿಂದ ಕರುಣೆಯ ಮೊಳಕೆ ಸರ್ವರಲ್ಲಿಯೂ ಸಹಜವಾಗಿದೆಯೆಂದು ಮೆನ್ಷಿಯಸನು ವಾದಿಸಿದನು. ಆಸೆಗೆ ಮೇರೆಯಿಲ್ಲದಿರುವುದರಿಂದಲೇ ಕಲಹ ಹುಟ್ಟುವುದೆಂದೂ, ಡೊಂಕು ಮರವನ್ನು ಆವಿಗೆ ಹಿಡಿದು, ಬಿಗಿದು ನೆಟ್ಟಗೆ ಮಾಡುವಂತೆ ‘ಲಿ’ ಎಂಬ ಆಚಾರವಿಧಿಯೇ ಮನುಷ್ಯನನ್ನು ತಿದ್ದತಕ್ಕುದೆಂದೂ ಅವನ ತರುವಾಯ ಬಂದ ಶುನ್‌ತ್ಸು ಪ್ರತಿಪಾದಿಸಿದನು.

ನಮ್ಮ ಸೀಮೆಯ ಮುಳವಾಡದ ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವ ಒಕ್ಕಲಿಗನಿಗೆ ಇವೆರಡೂ ಪರಸ್ಪರ ವಿರುದ್ಧವೆಂದು ತೋರಲಾರವು. ಬೀಜದಲ್ಲಿ ಸತ್ತ್ವವಿಲ್ಲದಿದ್ದರೆ ಎಡೆ ಹೊಡೆದು ಫಲವಿಲ್ಲ. ಎಡೆ ಹೊಡೆಯದಿದ್ದರೆ ಸತ್ತ್ವವುಳ್ಳ ಬೀಜವೂ ಕಸದಲ್ಲಿ ಕಮರುವುದು. ಪೈರು ಬೇಗ ಬೆಳೆಯಲೆಂದು ಸಸಿಗಳನ್ನು ಜಗ್ಗಿ ಒಣಗಿಸಿದ ಅವಿವೇಕಿಯ ಕಥೆಯನ್ನು ಹೇಳಿದ ಮೆನ್ಷಿಯಸನು, ಕಳೆ ಕೀಳದೆ ಕೈಬಿಟ್ಟವನನ್ನೂ ಅಲ್ಲಿಯೇ ಆಕ್ಷೇಪಿಸಿದ್ದಾನೆ. ಎಳ್ಳಮಾವಾಸ್ಯೆಯ ದಿನ ಹಿರಿಯರ ಹಿಂದೆ ಹೊಲವೆಲ್ಲ ಸುತ್ತಿ ಚರಗ ಚೆಲ್ಲಿದ ಹುಡುಗನು, ಭೂಮಿಗೆ ಕೊಟ್ಟು, ಬಂದವರಿಗೆ ಬಡಿಸಿ, ಅನಂತರ ತಾನು ಉಣ್ಣಬೇಕೆಂಬ ಧರ್ಮವನ್ನು ಯಾವ ಉಪದೇಶಕ್ಕಿಂತಲೂ ಮೊದಲು ತನ್ನ ಕೈಯಿಂದಲೇ ಕಲಿಯುತ್ತಾನೆ. ಆಚಾರದ ನಿಜವಾದ ಬಲ ಇರುವುದು ಈ ಅಭ್ಯಾಸದಲ್ಲಿ.

ಆದರೆ ಆಚಾರವೆಲ್ಲವೂ ಪೂಜ್ಯವೆಂದು ಇದರಿಂದ ಸಿದ್ಧವಾಗದು. ಇದೇ ಸೀಮೆಯ ಬಾಗೇವಾಡಿಯಲ್ಲಿ ಹನ್ನೆರಡನೆಯ ಶತಮಾನದಲ್ಲಿ ಜನಿಸಿದರೆಂದು ಪರಂಪರೆ ಹೇಳುವ ಬಸವಣ್ಣನವರು ಉಪನಯನವನ್ನು ನಿರಾಕರಿಸಿ ಕೂಡಲಸಂಗಮಕ್ಕೆ ನಡೆದರು. ಹಾಗೆಂದು ಅವರು ಆಚಾರವನ್ನೇ ತೊರೆದವರಲ್ಲ. ಅಂಗೈಯಲ್ಲಿಯ ಇಷ್ಟಲಿಂಗದ ಪೂಜೆ, ಕಾಯಕ, ದಾಸೋಹ, ಎದುರಾದವರಿಗೆ ಶರಣೆನ್ನುವ ವಿನಯ, ಇವೆಲ್ಲ ಆಚಾರಗಳೇ. ಮಾನವೀಯತೆಯಿಲ್ಲದವನಿಗೆ ವಿಧಿಗಳಿಂದ ಏನು ಪ್ರಯೋಜನವೆಂದು ಕನ್ಫ್ಯೂಷಿಯಸನೂ ಕೇಳಿದ್ದುಂಟು. ಆದರೂ ಶುನ್‌ತ್ಸುವಿನ ‘ಲಿ’ ಮೇಲು ಕೀಳುಗಳ ತಾರತಮ್ಯವನ್ನು ಕಾಯುವ ಕಟ್ಟಳೆಯಾಗಿಯೂ ನಿಂತಿತು. ಬಸವಣ್ಣನವರೇ ಮೊದಲಾದ ಶರಣರಾದರೋ ಆ ತಾರತಮ್ಯವನ್ನೇ ಅನಾಚಾರವೆಂದು ಬಗೆದರು. ಈ ವಿಷಯದಲ್ಲಿ ನಮ್ಮ ಬಾಗೇವಾಡಿಯ ವಿವೇಕವೇ ಹೆಚ್ಚಿನದೆಂದು ನಾನು ನಂಬಿದ್ದೇನೆ.

ಆದುದರಿಂದ ಹಿರಿಯರಿಂದ ಬಂದ ಆಚಾರವನ್ನು ಕುರುಡಾಗಿ ಹೊರುವುದೂ ಬೇಡ, ಹಳೆಯದೆಂಬ ಒಂದೇ ಕಾರಣಕ್ಕೆ ಎಸೆಯುವುದೂ ಬೇಡ. ಚರಗ ಚೆಲ್ಲುವ ಪದ್ಧತಿ ಉಳಿಯಲಿ. ಆದರೆ ಹೊಲಕ್ಕೆ ಬಂದವರೆಲ್ಲರೂ, ಕುಲ ಕೇಳಿಸಿಕೊಳ್ಳದೆ, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲಿ.