ಗೋಡೆಯ ಗುಂಡಿ ಯಾರ ಕೈಯಲ್ಲಿ?

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ತಾಲೂಕುಗಳಲ್ಲಿ, ಪೇಟೆಯ ಅಂಗಡಿಗಳಿಂದಲೂ ಅದಕ್ಕಿಂತ ಹೆಚ್ಚಾಗಿ ಮನೆಬಾಗಿಲಿಗೆ ಸರಕು ತಂದೊಪ್ಪಿಸುವ ಆನ್‌ಲೈನ್ ವ್ಯಾಪಾರದಿಂದಲೂ, 'ಸ್ಮಾರ್ಟ್ ಪ್ಲಗ್' ಎಂಬ ಪುಟ್ಟ ಸಲಕರಣೆಯು ಜನರ ಮನೆಗಳನ್ನು ಸೇರಹತ್ತಿದೆ. ಗೋಡೆಯ ಸಾಕೆಟ್ಟಿಗೂ ಉಪಕರಣಕ್ಕೂ ನಡುವೆ ಇದನ್ನು ಸಿಕ್ಕಿಸಿ, ಮೊಬೈಲಿನಲ್ಲಿ ವೇಳೆಯನ್ನು ಗೊತ್ತುಮಾಡಿಟ್ಟರೆ, ಗೀಸರು ನಸುಕಿನ 5 ಗಂಟೆಗೆ ತಾನಾಗಿಯೇ ಕಾಯತೊಡಗುವದು. ಅಂಗಳದ ದೀಪವು ಮುಸ್ಸಂಜೆಗೆ ಹೊತ್ತಿ ಬೆಳಕು ಹರಿದೊಡನೆ ಆರುವದು. ಬೆಲೆಯು ಸಾವಿರ ರೂಪಾಯಿಯ ಆಚೀಚೆ. ಇಷ್ಟು ಸಣ್ಣ ವಸ್ತುವಿನ ವಿಚಾರಕ್ಕೆ ಈ ಪುಟದಲ್ಲಿ ಸ್ಥಳವೇಕೆಂದು ಕೆಲವರು ಕೇಳಬಹುದು. ಮನೆಯ ಬೆಂಕಿಯನ್ನೂ ನೀರನ್ನೂ, ಮನೆಯಲ್ಲಿ ಯಾರು ಯಾವಾಗ ಇದ್ದಾರೆಂಬ ಗುಟ್ಟನ್ನೂ ಒಂದು ಯಂತ್ರದ ವಶಕ್ಕೆ ಒಪ್ಪಿಸುವದು ಸಣ್ಣ ಮಾತೆಂದು ನಮಗೆ ತೋರುವದಿಲ್ಲ.

ಈ ಪ್ಲಗ್ಗುಗಳ ಜಾಹೀರಾತುಗಳನ್ನು ಓದಿದರೆ, ಅವುಗಳನ್ನು ಬರೆದವರು ಕರೆಂಟು ಹೋಗುವದನ್ನೇ ಕಂಡವರಲ್ಲವೆಂದು ತೋರುತ್ತದೆ. ದನಿಯಿಂದ ಆಜ್ಞಾಪಿಸಬಹುದು, ಪರಊರಿನಿಂದ ಆರಿಸಬಹುದು ಎಂದು ಪಟ್ಟಿ ಬೆಳೆಯುತ್ತದೆ. ಕರೆಂಟು ಹೋಗಿ ಮರಳಿ ಬಂದಾಗ ಪ್ಲಗ್ಗು ಏನು ಮಾಡುವದೆಂಬ ಒಂದು ಸಾಲು ಮಾತ್ರ ಕಾಣಸಿಗುವದು ಅಪರೂಪ. ನಮ್ಮ ಕಡೆಗೆ ಮೊದಲು ಕೇಳಬೇಕಾದದ್ದು ಅದನ್ನೇ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ತಿರುಗುತ್ತಿದ್ದರೂ ಅವುಗಳ ಅಡಿಯ ಹಳ್ಳಿಗಳಲ್ಲಿ ಮುಂಗಾರಿನ ಮೊದಲ ಬಿರುಗಾಳಿಗೆ ದೀಪ ಆರುವದು ತಪ್ಪಿಲ್ಲ. ಹುಟ್ಟಿದ ವಿದ್ಯುತ್ತು ಜಾಲವನ್ನು ಸೇರುವದೇ ಹೊರತು ಪಕ್ಕದ ಮನೆಗೆ ನೇರವಾಗಿ ಇಳಿಯುವದಿಲ್ಲವೆಂಬ ವಿವರಣೆಯು ನಮಗೆ ಗೊತ್ತಿದೆ. ಗೊತ್ತಿದ್ದ ಮಾತ್ರಕ್ಕೆ ಕತ್ತಲೆಯೇನೂ ಕಡಿಮೆಯಾಗುವದಿಲ್ಲ. ಆದುದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಈ ಪ್ರಾಂತದಲ್ಲಿ ಸ್ಮಾರ್ಟ್ ಪ್ಲಗ್ಗಿನ ಯೋಗ್ಯತೆಯನ್ನು ಕರೆಂಟೂ ಇಂಟರ್‌ನೆಟ್ಟೂ ಇದ್ದಾಗಿನ ಚಮತ್ಕಾರದಿಂದ ಅಳೆಯಕೂಡದು, ಅವು ತಪ್ಪಿದಾಗಿನ ಅದರ ನಡತೆಯಿಂದ ಅಳೆಯಬೇಕು.

ಬಹುತರ ಸ್ಮಾರ್ಟ್ ಪ್ಲಗ್ಗುಗಳಲ್ಲಿ ಬ್ಯಾಟರಿಯಿಂದ ನಡೆಯುವ ಸ್ವಂತ ಗಡಿಯಾರವಿರುವದಿಲ್ಲ. ಕರೆಂಟು ಬಂದಾಗಲೆಲ್ಲ ಅವು ವೈಫೈ ಮುಖಾಂತರ ಇಂಟರ್‌ನೆಟ್ಟನ್ನು ಸೇರಿ 'ಈಗ ಗಂಟೆ ಎಷ್ಟು?' ಎಂದು ಕೇಳಿ ತಿಳಿದುಕೊಳ್ಳುತ್ತವೆ. ಊರಿಗೆ ಕರೆಂಟು ಬಂದರೂ ಮನೆಯ ರೌಟರು ಏಳಲಿಕ್ಕೆ ಇನ್ನೆರಡು ನಿಮಿಷ ಬೇಕು. ರೌಟರು ಎದ್ದರೂ ಕಂಪನಿಯ ತಂತಿಯು ಎಲ್ಲಿಯೋ ಹರಿದಿದ್ದರೆ ವೇಳೆಯು ತಿಳಿಯುವದಿಲ್ಲ. ಗಂಟೆ ತಿಳಿಯದ ಯಂತ್ರವು ವೇಳಾಪತ್ರಿಕೆಯನ್ನು ಹೇಗೆ ಪಾಲಿಸೀತು? ಇದಕ್ಕಿಂತಲೂ ಕೆಟ್ಟದ್ದೆಂದರೆ, ವೇಳಾಪತ್ರಿಕೆಯನ್ನೇ ತನ್ನಲ್ಲಿ ಇಟ್ಟುಕೊಳ್ಳದೆ, ಪ್ರತಿಸಲವೂ ದೂರದ ಸರ್ವರಿನ ಅಪ್ಪಣೆಗಾಗಿ ಕಾಯುವ ಜಾತಿಯ ಪ್ಲಗ್ಗು. ನರಗುಂದದ ಒಂದು ಮನೆಯಲ್ಲಿ ನಸುಕಿನ 5ಕ್ಕೆ ನೀರೆತ್ತುವ ಮೋಟರು ಚಾಲೂ ಆಗಬೇಕು, 5-30ಕ್ಕೆ ಬಂದಾಗಬೇಕು ಎಂದು ಗೊತ್ತುಮಾಡಿದ್ದಾರೆಂದು ಇಟ್ಟುಕೊಳ್ಳೋಣ. 5-15ಕ್ಕೆ ಇಂಟರ್‌ನೆಟ್ಟು ಹೋಯಿತು. ಚಾಲೂ ಮಾಡುವ ಅಪ್ಪಣೆ ಬಂದು ಮುಟ್ಟಿದೆ. ಆರಿಸುವ ಅಪ್ಪಣೆ ದಾರಿಯಲ್ಲಿಯೇ ಉಳಿಯಿತು. ಮೇಲಿನ ಟಾಕಿ ತುಂಬಿ ಹರಿಯುವದು. ಕೆಳಗಿನ ಹೌದು ಬರಿದಾದ ಮೇಲೆ ಮೋಟರು ಒಣಗಿ ತಿರುಗಿ ಸುಡುವದು. ಹೊತ್ತಿಸಲಾರದ ಪ್ಲಗ್ಗು ತೊಂದರೆ ಕೊಡುವದು, ಆರಿಸಲಾರದ ಪ್ಲಗ್ಗು ಮನೆಗೆ ಹಾನಿ ತರುವದು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇನ್ನು ಕರೆಂಟು ಮರಳಿದಾಗಿನ ಸ್ಥಿತಿ. ಕೆಲವು ಪ್ಲಗ್ಗುಗಳು ಆರಿದಂತೆಯೇ ಉಳಿಯುತ್ತವೆ, ಕೆಲವು ಹೋಗುವ ಮುಂಚೆ ಇದ್ದ ಸ್ಥಿತಿಗೆ ಮರಳುತ್ತವೆ, ಕೆಲವು ಹಿಂದುಮುಂದು ನೋಡದೆ ಹೊತ್ತಿಕೊಳ್ಳುತ್ತವೆ. ಇದನ್ನು ನಾವೇ ಆಯ್ದುಕೊಳ್ಳುವ ಸೋಯಿ ಪ್ಲಗ್ಗಿನಲ್ಲಿ ಇರಲೇಬೇಕು. ಫ್ರಿಜ್ಜು ಹೊತ್ತಿಕೊಳ್ಳಲಿ, ಗೀಸರು, ಮೋಟರುಗಳು ಆರಿಯೇ ಇರಲಿ. ಈ ಮಾತಿನ ಮರ್ಮವು ನಮ್ಮ ರೈತರಿಗೆ ಹೊಸದಾಗಿ ತಿಳಿಸಬೇಕಾದದ್ದಲ್ಲ. ಪಂಪ್‌ಸೆಟ್ಟಿಗೆ ತ್ರೀಫೇಜ್ ಸಿಗುವ ತಾಸುಗಳು ಗೊತ್ತಾದಷ್ಟೇ, ಅದೂ ಅನೇಕ ಸಲ ನಡುರಾತ್ರಿಯಲ್ಲಿ. ಕಾರಣ ಹೊಲದಲ್ಲಿ ನಿದ್ದೆಗೆಡಲಾರದವರು 'ಆಟೋ ಸ್ಟಾರ್ಟರ್' ಕೂಡ್ರಿಸಿಕೊಂಡರು. ಕರೆಂಟು ಬಂದೊಡನೆ ಒಂದು ಟಿ.ಸಿ.ಯ ಮೇಲಿನ ಎಲ್ಲ ಮೋಟರುಗಳೂ ಒಂದೇ ಕ್ಷಣಕ್ಕೆ ಎದ್ದರೆ, ಏಳುವ ಹೊತ್ತಿಗೆ ಪ್ರತಿಯೊಂದು ಮೋಟರೂ ನಡೆಯುವಾಗಿನಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಸೆಳೆಯುವದರಿಂದ, ಟಿ.ಸಿ.ಯೇ ಸುಡುವ ಪ್ರಸಂಗ ಬರುತ್ತದೆ. ನೆರೆಯ ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಹೊಲಗಳಿಗೆ 24 ತಾಸು ವಿದ್ಯುತ್ ಕೊಡಲಾರಂಭಿಸಿದಾಗ, ಆಟೋ ಸ್ಟಾರ್ಟರುಗಳನ್ನು ಕಿತ್ತುಹಾಕಿರೆಂದು ಅಲ್ಲಿಯ ಸರಕಾರವು ರೈತರನ್ನು ಪರಿಪರಿಯಾಗಿ ಕೇಳಿಕೊಳ್ಳಬೇಕಾಯಿತು. ಹೊಲದಲ್ಲಿ ಕಲಿತ ಆ ಪಾಠವನ್ನು ಮನೆಯ ಗೋಡೆಗೂ ಅನ್ವಯಿಸಿಕೊಳ್ಳತಕ್ಕದ್ದು.

ಭಾರದ ಲೆಕ್ಕವು ಸುಲಭ. 230 ವೋಲ್ಟಿನಲ್ಲಿ 6 ಆಂಪಿಯರಿನ ಪ್ಲಗ್ಗು ಹೊರುವದು 1380 ವ್ಯಾಟು, 10ರದು 2300, 16ರದು 3680. 2000 ವ್ಯಾಟಿನ ಗೀಸರನ್ನು 6 ಆಂಪಿಯರಿನ ಪ್ಲಗ್ಗಿಗೆ ಕಟ್ಟುವದು ಎತ್ತಿನ ಭಾರವನ್ನು ಕರುವಿನ ಮೇಲೆ ಹೇರಿದಂತೆ. 10ರದರ ಮೇಲೂ ಅದು ಅಂಚಿನ ಮಾತಾಗುವದು. ದಿನಾಲು ತಾಸುಗಟ್ಟಲೆ ಕಾಯುವ ಗೀಸರಿಗೆ 16ರದೇ ಸರಿ. ಮೋಟರಿನ ವಿಷಯದಲ್ಲಿ ಈ ಅಂಕಿಗಳನ್ನೂ ನಂಬಲಾಗದು. ಡಬ್ಬಿಯ ಮೇಲಿನ ಆಂಪಿಯರು ಸಾಮಾನ್ಯವಾಗಿ ಕಾಯುವ ಉಪಕರಣಗಳನ್ನು ಗಣನೆಗೆ ತೆಗೆದುಕೊಂಡು ಬರೆದದ್ದು. ಮೋಟರು ಏಳುವಾಗಿನ ಹೊಡೆತಕ್ಕೆ ಪ್ಲಗ್ಗಿನೊಳಗಿನ ರಿಲೇಯ ಎರಡು ತುಟಿಗಳು ಕರಗಿ ಬೆಸೆದುಕೊಳ್ಳಬಹುದು. ಹಾಗಾದ ಬಳಿಕ ಮೊಬೈಲಿನಲ್ಲಿ 'ಆಫ್' ಎಂದು ತೋರಿದರೂ ಮೋಟರು ನಡೆದೇ ಇರುವದು. ಮೋಟರಿಗೆ ಓವರ್‌ಲೋಡ್ ರಕ್ಷಣೆಯುಳ್ಳ ಸ್ಟಾರ್ಟರೇ ಬೇಕು. ಪ್ಲಗ್ಗನ್ನು ಬಳಸಲೇಬೇಕೆಂದರೆ ಬಲ್ಲ ಇಲೆಕ್ಟ್ರಿಶಿಯನ್ನನಿಂದ ಕಾಂಟ್ಯಾಕ್ಟರ್ ಹಾಕಿಸಿ ಅದರ ಕಾಯಿಲನ್ನು ಮಾತ್ರ ಪ್ಲಗ್ಗಿಗೆ ಒಪ್ಪಿಸಬೇಕು. ಬಕೀಟಿನಲ್ಲಿ ಮುಳುಗಿಸುವ ಹೀಟರ್ ಕಾಯಿಲನ್ನೂ ಇಸ್ತ್ರಿಯನ್ನೂ ಯಾವ ಕಾರಣಕ್ಕೂ ವೇಳಾಪತ್ರಿಕೆಗೆ ಕಟ್ಟಕೂಡದು. ಅವು ಕಣ್ಣೆದುರಿಗೆ ನಡೆಯಬೇಕಾದ ವಸ್ತುಗಳು. ಪ್ಲಗ್ಗಿನ ಮೇಲೆ ಐಎಸ್‌ಐ ಗುರುತು ಇದ್ದರೆ ಅದರ ಲೈಸನ್ಸ್ ನಂಬರನ್ನು 'ಬಿಐಎಸ್ ಕೇರ್' ಆ್ಯಪಿನಲ್ಲಿ ತಾಳೆ ನೋಡಬಹುದು. ನಮ್ಮ ದೇಶದ ಪ್ಲಗ್ಗು-ಸಾಕೆಟ್ಟುಗಳ ಮಾನಕವು ಐ.ಎಸ್. 1293. ಇಷ್ಟಾಗಿಯೂ ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಮೇಲಿನದೆಲ್ಲ ವ್ಯರ್ಥ.

ಇಲ್ಲಿಯವರೆಗೆ ತಂತಿಯ ಮಾತಾಯಿತು. ಸ್ವಾಮ್ಯದ ಮಾತು ಇದಕ್ಕಿಂತ ಗಹನವಾದದ್ದು. ಹಣ ಕೊಟ್ಟು ಕೊಂಡ ವಸ್ತು ನಮ್ಮದೆಂದು ತಿಳಿಯುವದು ಲೋಕರೂಢಿ. ಆದರೆ ಸರ್ವರನ್ನು ನೆಚ್ಚಿದ ಪ್ಲಗ್ಗು ಅರ್ಧ ಮಾತ್ರ ನಮ್ಮದು. ಉಳಿದರ್ಧವು ಕಾಣದ ಊರಿನಲ್ಲಿ ಕಂಪನಿಯ ಮರ್ಜಿಯ ಮೇಲೆ ಬದುಕಿರುತ್ತದೆ. ಅಮೇರಿಕೆಯ ಇನ್‌ಸ್ಟಿಯಾನ್ ಎಂಬ ಕಂಪನಿಯ ಸರ್ವರುಗಳು 2022ರ ಏಪ್ರಿಲಿನಲ್ಲಿ ಯಾವ ಸೂಚನೆಯೂ ಇಲ್ಲದೆ ಮೌನ ತಾಳಿದವು. ಅದರ ಸಲಕರಣೆಗಳನ್ನು ಬಳಸುತ್ತಿದ್ದ ಕೆಲವರೇ ಕೂಡಿ ಕಂಪನಿಯನ್ನು ಕೊಂಡ ಮೇಲೆ ಅವು ಮತ್ತೆ ಉಸಿರಾಡಿದವು. ಬೆಲ್ಕಿನ್ ಕಂಪನಿಯ 'ವೆಮೋ' ಹೆಸರಿನ ಒಂದು ಚಿಕ್ಕ ಪ್ಲಗ್ಗಿನಲ್ಲಿ ಭದ್ರತೆಯ ಲೋಪವಿದೆಯೆಂದು 2023ರಲ್ಲಿ ಶೋಧಕರು ತೋರಿಸಿಕೊಟ್ಟಾಗ, ಆ ಮಾದರಿಯ ಆಯುಷ್ಯ ಮುಗಿದಿದೆ, ದುರಸ್ತಿಯಿಲ್ಲ ಎಂಬ ಉತ್ತರ ಬಂದಿತು. 2025ರ ಜುಲೈಯಲ್ಲಿ ಅದೇ ಕಂಪನಿಯು ಬಹುಪಾಲು ವೆಮೋ ಸಲಕರಣೆಗಳ ಸರ್ವರ್ ಸೇವೆಯನ್ನು 2026ರ ಜನವರಿ 31ಕ್ಕೆ ನಿಲ್ಲಿಸುವದಾಗಿ ಸಾರಿತು. ಇವು ದೊಡ್ಡ ಹೆಸರಿನವರ ಕಥೆಗಳು. ನಿನ್ನೆ ಹುಟ್ಟಿ ನಾಳೆ ಇಲ್ಲವಾಗುವ ಹೆಸರುಗಳ ಪಾಡನ್ನು ವಾಚಕರೇ ಊಹಿಸಬಹುದು. ದೇಶೀಯ ಹೆಸರು ಹೊತ್ತ ಅನೇಕ ಪ್ಲಗ್ಗುಗಳ ಒಳಗೆ ಕೂಡ ಚೀನದ ಹಾಂಗ್‌ಝೌ ನಗರದ 'ತುಯಾ' ಕಂಪನಿಯ ವ್ಯವಸ್ಥೆಯೇ ಕೆಲಸ ಮಾಡುತ್ತಿರುವದುಂಟು. ಅದು ತನ್ನಷ್ಟಕ್ಕೆ ದೋಷವೆಂದು ನಾವು ಹೇಳುವದಿಲ್ಲ. ಹೊದಿಕೆಯ ಹೆಸರೊಂದು, ಒಳಗಿನ ಕೀಲಿಯೊಂದು ಎಂಬುದು ಕೊಳ್ಳುವವನಿಗೆ ತಿಳಿದಿರಬೇಕೆಂಬುದಷ್ಟೇ ನಮ್ಮ ವಾದ.

ಕಳ್ಳರ ಭಯವೂ ಕಾಲ್ಪನಿಕವಲ್ಲ. 2016ರ ಅಕ್ಟೋಬರ 21ರಂದು ಅಮೇರಿಕೆಯ ಎಷ್ಟೋ ಹೆಸರಾಂತ ಜಾಲತಾಣಗಳು ತಾಸುಗಟ್ಟಲೆ ಸ್ತಬ್ಧವಾದವು. 'ಮಿರಾಯ್' ಎಂಬ ದುಷ್ಟ ತಂತ್ರವು ಕಾರಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಮನೆಮನೆಯ ಕ್ಯಾಮರಾ, ರೌಟರು ಮೊದಲಾದವನ್ನು ವಶಪಡಿಸಿಕೊಂಡು ಆ ದಂಡಯಾತ್ರೆ ಮಾಡಿತ್ತು. ಬ್ರಿಟನ್ನು 2024ರ ಏಪ್ರಿಲ್ 29ರಿಂದ ಎಲ್ಲ ಸಲಕರಣೆಗೂ ಒಂದೇ ಪಾಸ್‌ವರ್ಡು ಇಡುವದನ್ನು ಕಾಯದೆಯಿಂದ ನಿಷೇಧಿಸಿ, ಭದ್ರತೆಯ ತಿದ್ದುಪಡಿಗಳನ್ನು ಎಲ್ಲಿಯವರೆಗೆ ಒದಗಿಸಲಾಗುವದೆಂದು ತಯಾರಕರು ಬರೆದು ತಿಳಿಸುವದನ್ನು ಕಡ್ಡಾಯ ಮಾಡಿದೆ. ನಮ್ಮ ಕೇಂದ್ರ ಸರಕಾರದ ದೂರಸಂಪರ್ಕ ಇಂಜಿನಿಯರಿಂಗ್ ಕೇಂದ್ರವೂ 2021ರಲ್ಲಿ ಇದೇ ಧಾಟಿಯ ಸಂಹಿತೆಯನ್ನು ಪ್ರಕಟಿಸಿದೆ. ಆದರೆ ಅದು ಮಾರ್ಗದರ್ಶನ, ಬ್ರಿಟನ್ನಿನಂತೆ ಕಾಯದೆಯಲ್ಲ. ಇದು ಕೊರತೆಯೇ ಸರಿ. ನೀರು ಮುಟ್ಟದ ಹೊಲಕ್ಕೆ ಕರವೇಕೆಂದು 1980ರಲ್ಲಿ ಲೆಕ್ಕ ಕೇಳಿದ ನರಗುಂದದ ಜನರು, ಎಷ್ಟು ವರ್ಷದ ಆಯುಷ್ಯಕ್ಕೆ ಹಣ ಕೊಡುತ್ತಿದ್ದೇವೆಂದು ಅಂಗಡಿಯವನನ್ನು ಕೇಳಲಿಕ್ಕೆ ಸಂಕೋಚಪಡಲಾರರು. ಕಾಯದೆ ಬರುವವರೆಗೆ, ತನ್ನದೇ ಆದ ಗಟ್ಟಿ ಪಾಸ್‌ವರ್ಡು, ಎರಡು ಹಂತದ ಪ್ರವೇಶ, ಸಾಧ್ಯವಿದ್ದಲ್ಲಿ ರೌಟರಿನ 'ಗೆಸ್ಟ್' ಜಾಲದಲ್ಲಿಯೇ ಪ್ಲಗ್ಗಿಗೆ ವಸತಿ ಇವನ್ನು ಮನೆಯವರೇ ನೋಡಿಕೊಳ್ಳಬೇಕು. ಮನೆಮಂದಿಯೆಲ್ಲ ಜಾತ್ರೆಗೆ ಹೋದ ದಿನ ಯಾವ ದೀಪವೂ ಹೊತ್ತಲಿಲ್ಲವೆಂಬುದನ್ನು ಪ್ಲಗ್ಗಿನ ಲೆಕ್ಕವೇ ಹೇಳಿಬಿಡುತ್ತದೆ. ಆ ಲೆಕ್ಕ ಕಂಡವರ ಪಾಲಾಗಬಾರದು.

ಕೊಂಡೊಡನೆ, ಮರಳಿಸುವ ಅವಧಿ ಮೀರುವ ಮೊದಲು, ಮನೆಯಲ್ಲಿಯೇ ಪರೀಕ್ಷೆ ಮಾಡಬಹುದು. ಪ್ಲಗ್ಗಿಗೆ ಒಂದು ಬಲ್ಬು ಸಿಕ್ಕಿಸಿ, ಹತ್ತು ನಿಮಿಷದ ನಂತರ ಹೊತ್ತಿ ಹದಿನೈದಕ್ಕೆ ಆರುವಂತೆ ಗೊತ್ತುಮಾಡಿ, ರೌಟರನ್ನು ತೆಗೆದುಬಿಡಿರಿ. ಬಲ್ಬು ಹೊತ್ತಿ ಆರಿತೆಂದರೆ ವೇಳಾಪತ್ರಿಕೆಯು ಪ್ಲಗ್ಗಿನೊಳಗೇ ಇದೆ. ಎರಡನೆಯ ಸಲ ಮೇನ್ ಸ್ವಿಚ್ಚನ್ನೂ ಆರಿಸಿ, ಮತ್ತೆ ಹಾಕಿ, ರೌಟರಿಲ್ಲದೆಯೇ ನೋಡಿರಿ. ಇದರಲ್ಲಿಯೂ ತೇರ್ಗಡೆಯಾಗುವ ಪ್ಲಗ್ಗುಗಳು ಕೆಲವೇ. 2022ರ ಅಕ್ಟೋಬರದಲ್ಲಿ ಹೊರಬಂದ 'ಮ್ಯಾಟರ್' ಎಂಬ ಮಾನಕದ ಗುರುತು ಇದ್ದರೆ, ಮನೆಯೊಳಗಿನ ಜಾಲದಿಂದಲೇ ಅದನ್ನು ನಡೆಸಬಹುದೆಂಬ ಭರವಸೆಯುಂಟು. ಕರೆಂಟು ಹೋಗಿಬಂದ ಮೇಲಿನ ಗಡಿಯಾರದ ಪ್ರಶ್ನೆಗೆ ಅದೂ ಉತ್ತರವಲ್ಲ. ಕೇವಲ ಅಂಗಳದ ದೀಪಕ್ಕಾದರೆ, ಬ್ಯಾಟರಿಯುಳ್ಳ ಹಳೆಯ ಬಗೆಯ ಟೈಮರೇ ಈ ಪ್ರಾಂತಕ್ಕೆ ಮೇಲೆಂದು ಹೇಳಲಿಕ್ಕೆ ನಮಗೆ ನಾಚಿಕೆಯಿಲ್ಲ. ಅದಕ್ಕೆ ವೈಫೈ ಬೇಡ, ಪಾಸ್‌ವರ್ಡು ಬೇಡ, ಹಾಂಗ್‌ಝೌ ಬೇಡ.

ಈ ಪ್ಲಗ್ಗುಗಳನ್ನು ಇಲ್ಲಿ ಕೊಳ್ಳುವವರು ಅನೇಕ ಸಲ ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಇರುವ ಮಕ್ಕಳು. ಅವುಗಳ ಜೊತೆಗೆ ಬಾಳುವವರು ಊರಲ್ಲಿ ಉಳಿದ ತಂದೆತಾಯಿಗಳು. ಖಾತೆಯು ಮಗನ ಮೊಬೈಲಿನಲ್ಲಿ, ಗೀಸರು ತಾಯಿಯ ಬಚ್ಚಲಲ್ಲಿ. ಆದುದರಿಂದ ಪ್ಲಗ್ಗಿನ ಮೈಮೇಲೆ ಕೈಯಿಂದ ಒತ್ತಿ ಆರಿಸುವ ಗುಂಡಿಯಿರಬೇಕು, ಅದು ಮಂಚದ ಹಿಂದೆ ಮರೆಯಾಗಿರದೆ ಕೈಗೆ ಎಟಕುವಂತಿರಬೇಕು. ಹಬ್ಬ ಮುಗಿಸಿ ಮರಳುವ ಮಗನು ಹೊರಡುವ ಹಿಂದಿನ ದಿನ ರೌಟರನ್ನು ಆರಿಸಿ, ತಾಯಿಯಿಂದಲೇ ಆ ಗುಂಡಿಯನ್ನು ಎರಡು ಸಲ ಒತ್ತಿಸಿ ನೋಡಿ, ಆಮೇಲೆ ಬಸ್ಸು ಹತ್ತಲಿ.