ಮೊದಲು ಅಳತೆ, ಆಮೇಲೆ ಫೀಸು



ನಮ್ಮ ಘೋಡಬಂದರ್ ರಸ್ತೆಯ ಮುಗಿಲೆತ್ತರದ ಕಟ್ಟಡಗಳೆಲ್ಲ ಮೊದಲು ಹುಟ್ಟಿದ್ದು ನಕ್ಷೆಯಲ್ಲಿ. ಅಂಥ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯುವ ‘ಕ್ಯಾಡ್’ ಕಲಿಯಲು ಹೊರಟಿದ್ದೀರಾ? ಸಾವಿರಾರು ರೂಪಾಯಿ ಫೀಸು ಕಟ್ಟುವ ಮೊದಲು ಸ್ವಲ್ಪ ತಾಳಿ.

1982ರಲ್ಲಿ ಬಂದ ಆಟೋಕ್ಯಾಡ್ ಕಟ್ಟಡದ ಕಚೇರಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಅರ್ಹ ವಿದ್ಯಾರ್ಥಿಗಳಿಗೆ ಉಚಿತವಾಗಿ ಸಿಗುತ್ತದೆ. ಉಳಿದವರಿಗೆ ಮನೆಯ ನಕ್ಷೆ ಬರೆಯಲು ಲಿಬ್ರೆಕ್ಯಾಡ್ ಸಾಕು. ಯಂತ್ರದ ಬಿಡಿಭಾಗಗಳಲ್ಲಿ ಆಸಕ್ತಿಯಿದ್ದವರು ಫ್ರೀಕ್ಯಾಡ್ ಹಿಡಿಯಲಿ. ಇವೆರಡಕ್ಕೂ ಯಾರೂ ಕಾಸು ಕೊಡಬೇಕಿಲ್ಲ.

ಟೇಪು ಹಿಡಿದು ನಿಮ್ಮ ಅಡುಗೆಮನೆಯನ್ನೇ ಅಳೆಯಿರಿ. ಗೋಡೆಯ ದಪ್ಪ, ಬಾಗಿಲು ತೆರೆಯುವ ದಿಕ್ಕು, ಯಾವುದನ್ನೂ ಬಿಡದೆ ಕಾಗದದಲ್ಲಿ ಗುರುತಿಸಿ, ಅನಂತರ ಕಂಪ್ಯೂಟರಿನಲ್ಲಿ ಬರೆಯಿರಿ. ತಿಂಗಳಾದರೂ ಬೇಸರ ಬಾರದಿದ್ದರೆ ಧಾರಾಳವಾಗಿ ಕ್ಲಾಸಿಗೆ ಸೇರಿ. ಬೇಸರ ಬಂದರೆ ಅಪ್ಪ-ಅಮ್ಮನ ದುಡ್ಡು ಉಳಿಯಿತು. ಏನಂತೀರಿ?